ನೋವು ಇಲ್ಲಿ, ಗಂಟು ಅಲ್ಲಿ

ಕಳೆದ ವರ್ಷ ರಂಜಾನ್ ಹೊತ್ತಿಗೆ ನಮ್ಮ ಅಮ್ಮಿಯ ಬಲ ಭುಜ ನೋಯಲು ಶುರುವಾಯಿತು. ಅಮ್ಮಿ ಮನೆಯಲ್ಲೇ ಬಟ್ಟೆ ಹೊಲಿಯುತ್ತಾರೆ. ಹಬ್ಬಕ್ಕೆ ಮುಂಚಿನ ಮೂರು ವಾರ ನಮ್ಮ ಮನೆಯ ಹೊಲಿಗೆ ಮಿಷನ್ನಿಗೆ ಬಿಡುವೇ ಇರುವುದಿಲ್ಲ. ರಾತ್ರಿ ಕೂತರೆ ಸಹರಿಯ ಹೊತ್ತಿನವರೆಗೂ ಅದರ ಸದ್ದು ಕೇಳುತ್ತಲೇ ಇರುತ್ತದೆ. ಹಬ್ಬ ಬಂತು, ಗಿರಾಕಿಗಳು ಬಟ್ಟೆ ತೆಗೆದುಕೊಂಡು ಹೋದರು, ನೋವು ಮಾತ್ರ ಹೋಗಲಿಲ್ಲ. ಭುಜದ ಮುಂಭಾಗದಲ್ಲಿ, ಕೀಲಿನ ಒಳಗೇ ಎಲ್ಲೋ ಕುಟ್ಟಿದಂಥ ನೋವು. ಅದು ತೋಳಿನ ಹೊರಬದಿಯಲ್ಲಿ ಇಳಿದು ಮುಂಗೈವರೆಗೂ ಬರುತ್ತಿತ್ತು. ಬಲ ಮಗ್ಗುಲಿಗೆ ಮಲಗುವಂತಿಲ್ಲ, ಬೆನ್ನ ಹಿಂದೆ ಕೈ ತೆಗೆದುಕೊಂಡು ಹೋಗುವಂತಿಲ್ಲ.

ಮನೆಯಲ್ಲಿ ಎಲ್ಲರೂ ಡಾಕ್ಟರಾದೆವು. ನಾನಿ "ವಾಯು" ಅಂದರು. ಪಕ್ಕದ ಮನೆಯ ಆಂಟಿ "ನರ ಎಳ್ಕೊಂಡಿದೆ" ಅಂದರು. ಮೆಡಿಕಲ್ ಶಾಪಿನವರು ಎರಡು ಬಣ್ಣದ ಮಾತ್ರೆ ಕೊಟ್ಟರು. ನಾನು ದಿನಾ ರಾತ್ರಿ ಭುಜದ ಮುಂಭಾಗಕ್ಕೆ ಬಾಮ್ ತಿಕ್ಕುತ್ತಿದ್ದೆ. ಎರಡು ತಿಂಗಳಾದ ಮೇಲೆ ಒಂದು ಕಡೆ ಎಕ್ಸ್‌ರೇ ತೆಗೆಸಿದೆವು. ನೋಡಿದವರು "ಏನೂ ಇಲ್ಲ, ಮೂಳೆ ಚೆನ್ನಾಗಿದೆ" ಎಂದು ಕಳಿಸಿದರು. ಆ "ಏನೂ ಇಲ್ಲ" ಎನ್ನುವ ಮಾತು ಅಮ್ಮಿಗೆ ನೋವಿಗಿಂತ ಹೆಚ್ಚು ಚುಚ್ಚಿತು. ಏನೂ ಇಲ್ಲದಿದ್ದರೆ ನೋಯುವುದು ಯಾಕೆ? ಅಬ್ಬಾ ತಮಾಷೆಗೆ "ಕೆಲಸ ತಪ್ಪಿಸೋಕೆ ನೆಪ" ಅಂದಾಗ ಅಮ್ಮಿ ಆ ರಾತ್ರಿ ಊಟ ಮಾಡಲಿಲ್ಲ.

ಕೊನೆಗೆ ಇನ್ನೊಂದು ಆಸ್ಪತ್ರೆಯಲ್ಲಿ ಫಿಸಿಯೋಥೆರಪಿಸ್ಟ್ ಮೇಡಂ ಒಬ್ಬರು ಅಮ್ಮಿಯನ್ನು ಸ್ಟೂಲಿನ ಮೇಲೆ ಕೂರಿಸಿದರು. ನೋವಿದ್ದ ಮುಂಭಾಗವನ್ನು ಮುಟ್ಟಲೇ ಇಲ್ಲ. ಬೆನ್ನ ಹಿಂದೆ, ಬಲ ರೆಕ್ಕೆಮೂಳೆಯ ಮೇಲೆ ಬೆರಳಿಟ್ಟು ನಿಧಾನವಾಗಿ ಹುಡುಕುತ್ತಾ ಹೋಗಿ ಒಂದು ಕಡೆ ಒತ್ತಿದರು. ಅಮ್ಮಿ ಬೆಚ್ಚಿಬಿದ್ದು, "ಯಾ ಅಲ್ಲಾ, ಇದೇ ನೋವು! ನೀವು ಒತ್ತೋದು ಹಿಂದೆ, ನೋಯೋದು ಮುಂದೆ!" ಅಂದರು. ಅಲ್ಲಿ ನೋವಿದೆ ಎಂಬುದು ಅಲ್ಲಿಯವರೆಗೆ ಅಮ್ಮಿಗೇ ಗೊತ್ತಿರಲಿಲ್ಲ. ಎರಡು ತಿಂಗಳು ನಾನು ಬಾಮ್ ತಿಕ್ಕಿದ್ದು ತಪ್ಪು ಜಾಗಕ್ಕೆ.

ಮೇಡಂ ಚೀಟಿಯಲ್ಲಿ ಬರೆದ ಹೆಸರು "ಮಯೋಫೇಷಿಯಲ್ ಪೇನ್". ಫೇಷಿಯಲ್ ಎಂದ ಕೂಡಲೇ ನನ್ನ ತಂಗಿಗೆ ಬ್ಯೂಟಿ ಪಾರ್ಲರ್ ನೆನಪಾಯಿತು. ಇದಕ್ಕೂ ಮುಖಕ್ಕೂ ಸಂಬಂಧವಿಲ್ಲ. ಮಯೋ ಎಂದರೆ ಸ್ನಾಯು. ಫೇಷಿಯಾ ಎಂದರೆ ಸ್ನಾಯುವನ್ನು ಹೊದ್ದುಕೊಂಡಿರುವ ತೆಳು ಪೊರೆ. ಬಕ್ರೀದ್ ದಿನ ಮಾಂಸ ಹಚ್ಚುವಾಗ ತುಂಡಿನ ಮೇಲೆ ಬಿಳಿಯಾಗಿ, ಹೊಳೆಯುತ್ತಾ, ಎಳೆದರೆ ಪ್ಲಾಸ್ಟಿಕ್ ಹಾಳೆಯಂತೆ ಬಿಟ್ಟು ಬರುವ ಪೊರೆಯನ್ನು ನೀವು ನೋಡಿರುತ್ತೀರಿ, ಅದೇ. ನಮ್ಮ ಮೈಯಲ್ಲೂ ಪ್ರತಿ ಸ್ನಾಯುವಿಗೂ, ಅದರೊಳಗಿನ ಪ್ರತಿ ನಾರಿನ ಕಟ್ಟಿಗೂ ಅಂಥ ಹೊದಿಕೆ ಇದೆ. ಸ್ನಾಯು ಮತ್ತು ಅದರ ಹೊದಿಕೆಯಲ್ಲಿ ಹುಟ್ಟುವ ನೋವು ಮಯೋಫೇಷಿಯಲ್ ನೋವು. ಬೆರಳಿಗೆ ಸಿಕ್ಕ ಆ ಗಂಟಿನ ಹೆಸರು ಟ್ರಿಗರ್ ಪಾಯಿಂಟ್. ಟ್ರಿಗರ್ ಎಂದರೆ ಬಂದೂಕಿನ ಕುದುರೆ. ಕುದುರೆ ಎಳೆಯುವುದು ಇಲ್ಲಿ, ಗುಂಡು ಬೀಳುವುದು ಅಲ್ಲಿ. ಇಷ್ಟು ಸರಿಯಾದ ಹೆಸರು ವೈದ್ಯಶಾಸ್ತ್ರದಲ್ಲಿ ಅಪರೂಪ ಎಂದು ನನಗನ್ನಿಸುತ್ತದೆ.

ಆ ಹೆಸರನ್ನು ಜನಪ್ರಿಯಗೊಳಿಸಿದವರು ಅಮೆರಿಕದ ವೈದ್ಯೆ ಜ್ಯಾನೆಟ್ ಟ್ರಾವೆಲ್ (1901–1997). ಅಧ್ಯಕ್ಷ ಜಾನ್ ಎಫ್. ಕೆನಡಿಯವರ ಬೆನ್ನುನೋವಿಗೆ ಚಿಕಿತ್ಸೆ ಕೊಟ್ಟು, 1961ರಲ್ಲಿ ಅವರ ಅಧಿಕೃತ ವೈದ್ಯೆಯಾದರು. ಆ ಹುದ್ದೆಗೆ ಬಂದ ಮೊದಲ ಮಹಿಳೆ ಅವರೇ. ಕೆನಡಿಯವರ ಫೋಟೋಗಳಲ್ಲಿ ಕಾಣುವ ತೂಗು ಕುರ್ಚಿ ಇವರ ಸಲಹೆ. ಡೇವಿಡ್ ಸೈಮನ್ಸ್ ಎಂಬ ವೈದ್ಯರ ಜೊತೆ ಸೇರಿ ಇವರು ಬರೆದ ದೊಡ್ಡ ಕೈಪಿಡಿಯ ಮೊದಲ ಸಂಪುಟ 1983ರಲ್ಲಿ, ಎರಡನೆಯದು 1992ರಲ್ಲಿ ಬಂತು. ಯಾವ ಸ್ನಾಯುವಿನ ಗಂಟು ಎಲ್ಲೆಲ್ಲಿ ನೋವು ತೋರಿಸುತ್ತದೆ ಎಂಬ ಚಿತ್ರಗಳು ಅದರಲ್ಲಿವೆ. ಇಂದಿಗೂ ಫಿಸಿಯೋಥೆರಪಿ ಕೋಣೆಗಳ ಗೋಡೆಯ ಮೇಲೆ ತೂಗುವ ಚಾರ್ಟುಗಳ ಮೂಲ ಈ ಚಿತ್ರಗಳೇ. ನೋವನ್ನು ವಿಂಗಡಿಸಿ ನೋಡುವ ಅಭ್ಯಾಸ ಇದಕ್ಕಿಂತ ಬಹಳ ಹಳೆಯದು. ಇಬ್ನ್ ಸೀನಾ (980–1037) ತಮ್ಮ ಅಲ್ ಖಾನೂನ್ ಗ್ರಂಥದಲ್ಲಿ ಹದಿನೈದು ಬಗೆಯ ನೋವುಗಳನ್ನು ಹೆಸರಿಸಿದ್ದರು. ದಣಿವಿನ ನೋವು ಅವುಗಳಲ್ಲಿ ಒಂದು.

ಗಂಟು ಕಟ್ಟುವುದು ಯಾಕೆ? ಇಲ್ಲಿ ನಮ್ಮ ಪ್ರಥಮ ಪಿಯುಸಿ ಜೀವಶಾಸ್ತ್ರದ "ಲೋಕೊಮೋಷನ್ ಅಂಡ್ ಮೂವ್‌ಮೆಂಟ್" ಪಾಠವನ್ನು ನೆನಪು ಮಾಡಿಕೊಳ್ಳಿ. ನರದ ತುದಿಯಲ್ಲಿ ಅಸಿಟೈಲ್‌ಕೋಲಿನ್ ಬಿಡುಗಡೆಯಾಗುತ್ತದೆ, ಸ್ನಾಯುವಿನ ಒಳಗೆ ಕ್ಯಾಲ್ಸಿಯಂ ಹೊರಬರುತ್ತದೆ, ಆಕ್ಟಿನ್ ಎಳೆಗಳನ್ನು ಮಯೋಸಿನ್ ಹಿಡಿದು ಎಳೆಯುತ್ತದೆ, ಸಾರ್ಕೊಮಿಯರ್ ಗಿಡ್ಡವಾಗುತ್ತದೆ. ಇಷ್ಟನ್ನು ಪರೀಕ್ಷೆಗೆ ಬರೆದಿದ್ದೇವೆ. ಆದರೆ ನಾವು ಗಮನ ಕೊಡದೆ ಓದಿದ ಒಂದು ಸಾಲು ಅದರಲ್ಲೇ ಇದೆ. ಮಯೋಸಿನ್ ತನ್ನ ಹಿಡಿತ ಬಿಡಬೇಕಾದರೂ ಎಟಿಪಿ ಬೇಕು. ಹೊರಬಂದ ಕ್ಯಾಲ್ಸಿಯಂ ಮತ್ತೆ ಒಳಗೆ ಹೋಗಬೇಕಾದರೂ ಎಟಿಪಿ ಬೇಕು. ಅಂದರೆ ಸ್ನಾಯು ಬಿಗಿಯಾಗುವುದಕ್ಕಷ್ಟೇ ಅಲ್ಲ, ಸಡಿಲವಾಗುವುದಕ್ಕೂ ಶಕ್ತಿ ಖರ್ಚಾಗುತ್ತದೆ. ಪ್ರಾಣ ಹೋದ ಕೆಲವು ಗಂಟೆಗಳಲ್ಲಿ ಮೈ ಸೆಟೆದುಕೊಳ್ಳುವುದೂ ಇದೇ ಕಾರಣಕ್ಕೆ. ಬಿಡಿಸಲು ಎಟಿಪಿ ಇರುವುದಿಲ್ಲ.

ಈಗ ಟ್ರಾವೆಲ್ ಮತ್ತು ಸೈಮನ್ಸ್ ಮುಂದಿಟ್ಟ ವಿವರಣೆ ನೋಡಿ. ಅತಿಯಾಗಿ ದುಡಿದ ಸ್ನಾಯುವಿನ ಒಂದು ಚಿಕ್ಕ ಜಾಗದಲ್ಲಿ ಅಸಿಟೈಲ್‌ಕೋಲಿನ್ ಬೇಕಾದ್ದಕ್ಕಿಂತ ಹೆಚ್ಚು ಸುರಿಯುತ್ತದೆ. ಅಲ್ಲಿನ ನಾರುಗಳು ಬಿಗಿದುಕೊಂಡು ಹಾಗೇ ಉಳಿಯುತ್ತವೆ. ಬಿಗಿದ ನಾರುಗಳ ನಡುವೆ ಸಿಕ್ಕಿಕೊಂಡ ಸೂಕ್ಷ್ಮ ರಕ್ತನಾಳಗಳು ಹಿಂಡಿಹೋಗುತ್ತವೆ. ರಕ್ತ ಕಡಿಮೆಯಾದರೆ ಆಮ್ಲಜನಕ ಕಡಿಮೆ, ಆಮ್ಲಜನಕ ಕಡಿಮೆಯಾದರೆ ಎಟಿಪಿ ಕಡಿಮೆ, ಎಟಿಪಿ ಕಡಿಮೆಯಾದರೆ ನಾರು ಸಡಿಲವಾಗುವುದಿಲ್ಲ. ಹೀಗೆ ಸುತ್ತು ಮುಚ್ಚಿಕೊಳ್ಳುತ್ತದೆ. ಅಲ್ಲಿ ಸೇರುವ ರಾಸಾಯನಿಕಗಳು ನೋವಿನ ನರತುದಿಗಳನ್ನು ಕೆರಳಿಸುತ್ತವೆ. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ಜೇ ಶಾ ಮತ್ತು ಸಂಗಡಿಗರು 2005ರಲ್ಲಿ ತೀರಾ ಸಣ್ಣ ಸೂಜಿಯ ಮೂಲಕ ಇಂಥ ಗಂಟಿನ ಒಳಗಿನ ದ್ರವವನ್ನು ತೆಗೆದು ಪರೀಕ್ಷಿಸಿದರು. ನೋವಿಲ್ಲದವರ ಸ್ನಾಯುವಿಗಿಂತ ಅಲ್ಲಿ ಆಮ್ಲೀಯತೆಯೂ, ಬ್ರಾಡಿಕೈನಿನ್‌ನಂಥ ನೋವಿನ ರಾಸಾಯನಿಕಗಳೂ ಹೆಚ್ಚಾಗಿ ಕಂಡವು.

ಇಷ್ಟಾದರೂ ವಿಜ್ಞಾನಿಗಳೆಲ್ಲ ಇದನ್ನು ಒಪ್ಪಿಕೊಂಡಿಲ್ಲ ಎನ್ನುವುದನ್ನು ಹೇಳಲೇಬೇಕು. ಒಬ್ಬರ ಬೆರಳಿಗೆ ಸಿಕ್ಕ ಗಂಟು ಇನ್ನೊಬ್ಬರಿಗೆ ಸಿಗುವುದಿಲ್ಲ, ತೊಂದರೆ ಸ್ನಾಯುವಿಗಿಂತ ನರಮಂಡಲದಲ್ಲೇ ಇರಬಹುದು ಎಂದು ವಾದಿಸುವ ವೈದ್ಯರಿದ್ದಾರೆ. ರಕ್ತ ಪರೀಕ್ಷೆಯಲ್ಲಿ, ಎಕ್ಸ್‌ರೇಯಲ್ಲಿ ಇದು ಕಾಣುವುದಿಲ್ಲ. ಅಮ್ಮಿಗೆ "ಏನೂ ಇಲ್ಲ" ಎಂಬ ಉತ್ತರ ಸಿಕ್ಕಿದ್ದು ಅದಕ್ಕೇ. ಎಕ್ಸ್‌ರೇ ತೋರಿಸುವುದು ಮೂಳೆಯನ್ನು. ಅದರಲ್ಲಿ ಏನೂ ಕಾಣದಿದ್ದರೆ ಮೂಳೆಯಲ್ಲಿ ಏನೂ ಇಲ್ಲ ಎಂದಷ್ಟೇ ಅರ್ಥ.

ಇನ್ನು ಒಂದು ಕಡೆಯ ಗಂಟು ಇನ್ನೊಂದು ಕಡೆ ನೋಯುವ ವಿಚಾರ. 1938ರಲ್ಲಿ ಲಂಡನ್ನಿನಲ್ಲಿ ಜೆ. ಎಚ್. ಕೆಲ್‌ಗ್ರೆನ್ ಎಂಬ ಯುವ ವೈದ್ಯರು ಸ್ವಯಂಸೇವಕರ ಸ್ನಾಯುಗಳಿಗೆ ಗಾಢ ಉಪ್ಪುನೀರು ಚುಚ್ಚಿ, ನೋವು ಎಲ್ಲಿ ಎಂದು ಕೇಳಿದರು. ಬಹಳಷ್ಟು ಸಲ ಅವರು ತೋರಿಸಿದ್ದು ಚುಚ್ಚಿದ ಜಾಗವನ್ನಲ್ಲ, ದೂರದ ಇನ್ನೊಂದು ಜಾಗವನ್ನು. ಕಾರಣ ಬೆನ್ನುಹುರಿಯಲ್ಲಿದೆ. ಮೈಯ ಬೇರೆ ಬೇರೆ ಜಾಗಗಳಿಂದ ಬರುವ ನರಗಳು ಅಲ್ಲಿ ಒಂದೇ ನರಕೋಶದ ಮೇಲೆ ಸೇರುತ್ತವೆ. ಸುದ್ದಿ ಮೇಲಕ್ಕೆ ಹೋದಾಗ ಅದು ಎಲ್ಲಿಂದ ಹೊರಟಿತು ಎಂದು ಮೆದುಳು ಊಹಿಸಬೇಕು. ಭದ್ರಾವತಿ ಬಸ್ಸು ಶಿವಮೊಗ್ಗ ಸ್ಟ್ಯಾಂಡಿಗೆ ಬಂದು ನಿಂತಾಗ ಇಳಿದವರೆಲ್ಲ ಭದ್ರಾವತಿಯವರೇ ಎಂದು ನಾವು ಅಂದುಕೊಳ್ಳುವುದಿಲ್ಲವೇ? ನಡುವೆ ಮಾಚೇನಹಳ್ಳಿಯಲ್ಲಿ ಹತ್ತಿದವರೂ ಅದರಲ್ಲಿರುತ್ತಾರೆ. ಮೆದುಳು ಮಾಡುವ ತಪ್ಪೂ ಅಂಥದ್ದೇ.

ಅಮ್ಮಿಯ ವಿಷಯದಲ್ಲಿ ತಪ್ಪಿತಸ್ಥ ಸ್ನಾಯು ಇನ್‌ಫ್ರಾಸ್ಪೈನೇಟಸ್. ರೆಕ್ಕೆಮೂಳೆಯ ಹಿಂಬದಿಯನ್ನು ಹೊದ್ದುಕೊಂಡು, ತೋಳನ್ನು ಹೊರಕ್ಕೆ ತಿರುಗಿಸುವ ಸ್ನಾಯು ಅದು. ಅದರ ಗಂಟು ನೋವನ್ನು ಭುಜದ ಮುಂಭಾಗಕ್ಕೆ, ಕೀಲಿನ ಆಳಕ್ಕೆ, ತೋಳಿನ ಕೆಳಕ್ಕೆ ಕಳಿಸುತ್ತದೆ. ಬಟ್ಟೆಯನ್ನು ಮಿಷನ್ನಿನ ಕೆಳಗೆ ಹಿಡಿದು ತಳ್ಳುವಾಗ ತೋಳು ಗಂಟೆಗಟ್ಟಲೆ ಮುಂದಕ್ಕೆ ಚಾಚಿಕೊಂಡೇ ಇರುತ್ತದೆ. ಅದೇನು ಭಾರದ ಕೆಲಸವಲ್ಲವಲ್ಲ ಎಂದು ನಾನು ಮೇಡಂ ಅವರನ್ನು ಕೇಳಿದೆ. "ಭಾರ ಇಲ್ಲದ್ದೇ ತೊಂದರೆ" ಅಂದರು. ಇದಕ್ಕೆ ಸ್ವೀಡನ್ನಿನ ಸಂಶೋಧಕ ಹೇಗ್ 1991ರಲ್ಲಿ ಒಂದು ಒಳ್ಳೆಯ ಹೆಸರು ಕೊಟ್ಟಿದ್ದಾರೆ. ಹಗುರ ಕೆಲಸದಲ್ಲಿ ಸ್ನಾಯುವಿನ ಎಲ್ಲ ನಾರುಗಳೂ ದುಡಿಯುವುದಿಲ್ಲ. ಕೆಲವು ಸಣ್ಣ ನಾರುಗಳು ಮಾತ್ರ ಎಲ್ಲರಿಗಿಂತ ಮೊದಲು ಕೆಲಸಕ್ಕೆ ಇಳಿದು, ಎಲ್ಲರಿಗಿಂತ ಕೊನೆಗೆ ಬಿಡುಗಡೆ ಪಡೆಯುತ್ತವೆ. ಕಥೆಯ ಸಿಂಡ್ರೆಲಾಳಂತೆ ಬೆಳಿಗ್ಗೆ ಮೊದಲು ಎದ್ದು ರಾತ್ರಿ ಕೊನೆಗೆ ಮಲಗುವ ನಾರುಗಳು. ಮನೆಯ ಉಳಿದವರೆಲ್ಲ ಮಲಗಿದ ಮೇಲೂ ಮಿಷನ್ ತುಳಿಯುವವರ ಭುಜಕ್ಕೆ ಇದಕ್ಕಿಂತ ಹೊಂದುವ ಹೆಸರು ಇನ್ನೇನಿದೆ!

ನಮ್ಮ ಸುತ್ತಮುತ್ತಲ ಜನರ ಕೆಲಸಗಳನ್ನೇ ನೋಡಿ. ಸುಗ್ಗಿಯಲ್ಲಿ ಮೆಟ್ಟುಗತ್ತಿಯ ಮುಂದೆ ಕೂತು ಅಡಿಕೆ ಸುಲಿಯುವ ಹೆಂಗಸರು, ಮಾಚೇನಹಳ್ಳಿಯ ಗಾರ್ಮೆಂಟ್ಸ್‌ನಲ್ಲಿ ಸಾಲಾಗಿ ಕೂತು ಹೊಲಿಯುವ ಅಕ್ಕಂದಿರು, ಆಟೋ ಓಡಿಸುವವರು, ಗ್ಯಾರೇಜಿನಲ್ಲಿ ಬೈಕಿನ ಕೆಳಗೆ ಬಗ್ಗಿರುವ ಹುಡುಗರು. ಇವರೆಲ್ಲರಿಗೂ ಒಂದೇ ಚಲನೆ ಸಾವಿರ ಸಲ, ಇಲ್ಲವೇ ಒಂದೇ ಭಂಗಿ ನಾಲ್ಕು ಗಂಟೆ. ಸಂಜೆ ಇವರು ಹೇಳುವುದು "ಮೈಕೈ ನೋವು" ಎನ್ನುವ ಒಂದೇ ಮಾತು. ಆ ಒಂದು ಮಾತಿನೊಳಗೆ ಬೇರೆ ಬೇರೆ ಸ್ನಾಯುಗಳ ಬೇರೆ ಬೇರೆ ಕಥೆಗಳಿರುತ್ತವೆ.

ನಮ್ಮ ಕಥೆ, ಅಂದರೆ ವಿದ್ಯಾರ್ಥಿಗಳ ಕಥೆ, ಬಹುಪಾಲು ಕುತ್ತಿಗೆಯಲ್ಲಿದೆ. ಕುತ್ತಿಗೆಯಿಂದ ಭುಜದವರೆಗೆ ಇಳಿಜಾರಾಗಿ ಇಳಿಯುವ ಟ್ರೆಪೀಜಿಯಸ್ ಸ್ನಾಯುವನ್ನು ಎಡಗೈಯಿಂದ ಬಲಗಡೆ ಹಿಡಿದು ನೋಡಿ. ರೆಕಾರ್ಡ್ ಬರೆಯುವ ವಾರದಲ್ಲಾದರೆ ಅಲ್ಲಿ ಒಂದು ಹಗ್ಗದಂಥ ಪಟ್ಟಿ ಬೆರಳಿಗೆ ಸಿಗುತ್ತದೆ. ಅದರ ಗಂಟು ನೋವನ್ನು ಕುತ್ತಿಗೆಯ ಪಕ್ಕದಿಂದ ಕಿವಿಯ ಹಿಂದಕ್ಕೆ, ಅಲ್ಲಿಂದ ಕಣತಲೆಗೆ ಕಳಿಸುತ್ತದೆ. ತಲೆಬುರುಡೆಯ ಬುಡದಲ್ಲಿರುವ ಪುಟ್ಟ ಸ್ನಾಯುಗಳು ಬಿಗಿದರೆ ತಲೆಗೆ ಪಟ್ಟಿ ಕಟ್ಟಿದಂಥ ನೋವು. ನನ್ನ ಬೆಂಚಿನ ಗೆಳತಿ ಒಬ್ಬಳು ಸಿಇಟಿ ತಯಾರಿಯ ದಿನಗಳಲ್ಲಿ ದಿನಾ ಸಂಜೆ ತಲೆನೋವು ಬಂದು, ಇಂಟರ್‌ನೆಟ್ಟಿನಲ್ಲಿ ಏನೇನೋ ಓದಿ, ತನಗೆ ಮೆದುಳಿನಲ್ಲಿ ಗೆಡ್ಡೆಯಾಗಿದೆ ಎಂದು ಮನೆಯವರಿಗೂ ಹೇಳದೆ ಹದಿನೈದು ದಿನ ಅತ್ತಿದ್ದಳು. ಕಣ್ಣಿನ ಡಾಕ್ಟರು ಕನ್ನಡಕ ಬೇಡ ಎಂದರು. ಆಮೇಲೆ ವೈದ್ಯರು ಕುತ್ತಿಗೆ ಪರೀಕ್ಷೆ ಮಾಡಿ ಕಾರಣ ಹೇಳಿದರು. ಅವಳು ಓದುತ್ತಿದ್ದದ್ದು ನೆಲದ ಮೇಲೆ ಪುಸ್ತಕ ಇಟ್ಟುಕೊಂಡು, ಅದರ ಮೇಲೆ ಬಗ್ಗಿ.

ತಲೆಯ ತೂಕ ನಾಲ್ಕೂವರೆಯಿಂದ ಐದೂವರೆ ಕಿಲೋ. ಅದು ನೆಟ್ಟಗಿದ್ದರೆ ಭಾರವೆಲ್ಲ ಬೆನ್ನುಮೂಳೆಯ ಮೇಲೆ ಸಲೀಸಾಗಿ ಕೂರುತ್ತದೆ. ಮುಂದಕ್ಕೆ ಬಗ್ಗಿದಷ್ಟೂ ಹಿಂದಿನ ಸ್ನಾಯುಗಳು ಅದನ್ನು ಎಳೆದು ಹಿಡಿಯಬೇಕು. ನ್ಯೂಯಾರ್ಕಿನ ಬೆನ್ನುಮೂಳೆ ತಜ್ಞ ಕೆನೆತ್ ಹನ್ಸ್‌ರಾಜ್ 2014ರಲ್ಲಿ ಕಂಪ್ಯೂಟರ್ ಮಾದರಿಯೊಂದರಿಂದ ಲೆಕ್ಕ ಹಾಕಿದ ಪ್ರಕಾರ, 30 ಡಿಗ್ರಿ ಬಗ್ಗಿದಾಗ ಕುತ್ತಿಗೆಯ ಮೇಲಿನ ಒತ್ತಡ ಸುಮಾರು 18 ಕಿಲೋ, 60 ಡಿಗ್ರಿಯಲ್ಲಿ 27 ಕಿಲೋ. ಅದು ಮಾದರಿಯ ಲೆಕ್ಕ, ಮನುಷ್ಯರ ಕುತ್ತಿಗೆಯಲ್ಲಿ ಅಳೆದದ್ದಲ್ಲ. ಆದರೂ ಮೊಬೈಲ್ ನೋಡುವಾಗ ನಾವು ಬಗ್ಗುವುದು ಈ ಎರಡರ ನಡುವೆಯೇ. ಮೊಬೈಲಿನಿಂದ ಹೆಬ್ಬೆರಳಿಗೂ ಶಿಕ್ಷೆ ಇದೆ. ಬೆಂಗಳೂರಿನ ಡಾ. ದೀಪಕ್ ಶರಣ್ ಮತ್ತು ಸಂಗಡಿಗರು 2012ರಲ್ಲಿ ಪ್ರಕಟಿಸಿದ ಅಧ್ಯಯನ ಮೆಸೇಜ್ ಟೈಪ್ ಮಾಡಿ ಮಾಡಿಯೇ ಕೈನೋವು ತಂದುಕೊಂಡವರ ಬಗ್ಗೆ. ಹೆಬ್ಬೆರಳು ಮತ್ತು ಮುಂಗೈ ಸ್ನಾಯುಗಳ ಮಯೋಫೇಷಿಯಲ್ ನೋವು ಅವರಲ್ಲಿ ಕಂಡಿತ್ತು.

ಬ್ಯಾಗಿನ ಬಗ್ಗೆಯೂ ಒಂದು ಮಾತು. 2020ರ ರಾಷ್ಟ್ರೀಯ ಶಾಲಾ ಬ್ಯಾಗ್ ನೀತಿ 11 ಮತ್ತು 12ನೇ ತರಗತಿಯವರಿಗೆ ಹೇಳುವ ತೂಕ ಮೂರೂವರೆಯಿಂದ ಐದು ಕಿಲೋ. ಅದನ್ನು ಒಂದೇ ಭುಜಕ್ಕೆ ನೇತುಹಾಕಿಕೊಂಡು, ಭದ್ರಾವತಿಯಿಂದ ಇಪ್ಪತ್ತು ಕಿಲೋಮೀಟರ್ ಬಸ್ಸಿನಲ್ಲಿ ನಿಂತು, ಆಮೇಲೆ ರಾಗಿಗುಡ್ಡಕ್ಕೆ ಬರುವ ನಮ್ಮ ಗೆಳೆಯರ ಟ್ರೆಪೀಜಿಯಸ್ಸನ್ನು ಯಾರೂ ಕೇಳಿದವರಿಲ್ಲ.

ರೆಕ್ಕೆಮೂಳೆಯ ಮೇಲ್ತುದಿಯಿಂದ ಕುತ್ತಿಗೆಗೆ ಹೋಗುವ ಇನ್ನೊಂದು ಸ್ನಾಯು ಇದೆ, ಲೆವೇಟರ್ ಸ್ಕ್ಯಾಪ್ಯುಲೆ. ಬೆಳಿಗ್ಗೆ ಎದ್ದಾಗ "ಕುತ್ತಿಗೆ ಹಿಡ್ಕೊಂಡಿದೆ" ಎನ್ನುತ್ತೇವಲ್ಲ, ಬಹಳ ಸಲ ಅದು ಇದರ ಕೆಲಸ. ನನಗೂ ಒಮ್ಮೆ ಆಗಿತ್ತು. ಫಜರ್ ನಮಾಜಿನ ಕೊನೆಯಲ್ಲಿ ಬಲಕ್ಕೆ ಸಲಾಂ ಹೇಳಿದೆ. ಎಡಕ್ಕೆ ಕುತ್ತಿಗೆ ತಿರುಗಲೇ ಇಲ್ಲ. ನಾನಿ ನನ್ನ ದಿಂಬನ್ನು ಒಯ್ದು ಬಿಸಿಲಿಗೆ ಹಾಕಿದರು. ದಿಂಬು ಬಿಸಿಲು ಕಾಯಿಸಿದರೆ ಕುತ್ತಿಗೆ ಬಿಡುತ್ತದೆ ಎಂಬ ನಂಬಿಕೆ ನಮ್ಮ ಕಡೆ ಹಿಂದೂ ಮುಸ್ಲಿಂ ಎನ್ನದೆ ಎಲ್ಲರ ಮನೆಯಲ್ಲೂ ಇದೆ. ಮೂರು ದಿನದಲ್ಲಿ ಬಿಟ್ಟಿತು. ದಿಂಬಿನ ಮಹಿಮೆ ಎಂದು ನಾನಿ ಹೇಳುತ್ತಾರೆ. ಇಂಥ ನೋವು ಸಾಮಾನ್ಯವಾಗಿ ಕೆಲವು ದಿನಗಳಲ್ಲಿ ತಾನಾಗಿಯೇ ಇಳಿಯುತ್ತದೆ ಎಂದು ನಾನು ವಾದ ಮಾಡಲು ಹೋಗಲಿಲ್ಲ. ಬಿಸಿಲಿಗೆ ಹಾಕಿದ ದಿಂಬಿನಿಂದ ಕೆಡುಕೇನೂ ಇಲ್ಲವಲ್ಲ. ಆದರೆ ಕಾಲು ಮುಂದಾಗಿ ಹುಟ್ಟಿದವರಿಂದ ಬೆನ್ನು ತುಳಿಸಿಕೊಳ್ಳುವುದು, ಕುತ್ತಿಗೆಯನ್ನು ಲಟಕ್ಕೆಂದು ತಿರುಗಿಸಿಕೊಳ್ಳುವುದು ಹಾಗಲ್ಲ. ಅದರಿಂದ ಮೂಳೆಗೂ ರಕ್ತನಾಳಕ್ಕೂ ಏಟಾಗಬಹುದು.

ದವಡೆಯ ಮ್ಯಾಸೆಟರ್ ಸ್ನಾಯು ಬಿಗಿದರೆ ಹಲ್ಲೇ ನೋಯುತ್ತದೆ, ಕೆಲವರಿಗೆ ಕಿವಿ. ಪರೀಕ್ಷೆಯ ದಿನಗಳಲ್ಲಿ ನಿದ್ದೆಯಲ್ಲಿ ಹಲ್ಲು ಕಡಿಯುವವರು ಇದನ್ನು ಗಮನಿಸಿ.

ಎದೆಯ ಪೆಕ್ಟೊರಾಲಿಸ್ ಸ್ನಾಯುವಿನ ಗಂಟು ಎಡಗಡೆ ಇದ್ದರೆ ನೋವು ಎದೆಯಿಂದ ಎಡ ತೋಳಿಗೆ ಇಳಿಯುತ್ತದೆ, ಥೇಟ್ ಹೃದಯದ ನೋವಿನಂತೆ. ಇಲ್ಲಿ ಮಾತ್ರ ನಮ್ಮ ಬುದ್ಧಿವಂತಿಕೆ ತೋರಿಸಬಾರದು. ಮನೆಯ ಹಿರಿಯರಿಗೆ ಎದೆ ನೋವು ಬಂದು, ಬೆವರುತ್ತಿದ್ದರೆ, ಉಸಿರು ಕಟ್ಟುತ್ತಿದ್ದರೆ, ನೋವು ದವಡೆಗೋ ತೋಳಿಗೋ ಹರಡುತ್ತಿದ್ದರೆ "ಗ್ಯಾಸ್ ಇರಬೇಕು, ಸ್ನಾಯು ಇರಬೇಕು" ಎಂದು ಕಾಯದೆ ಕೂಡಲೇ ಆಸ್ಪತ್ರೆಗೆ ಕರೆದೊಯ್ಯಿರಿ. ಇಸಿಜಿ ಮಾಡಿದ ಮೇಲೆ ಸ್ನಾಯು ಎಂದು ಗೊತ್ತಾದರೆ ನಕ್ಕು ವಾಪಸ್ ಬರಬಹುದು.

ಸೊಂಟದ ಕಥೆ ನಮ್ಮ ದಾದಾ ಹೇಳುವುದು. ಅವರು ಭದ್ರಾವತಿಯಲ್ಲಿ ಕಬ್ಬಿಣದ ಕೆಲಸ ಮಾಡಿದವರು. 1923ರಿಂದ ಕಬ್ಬಿಣ ಕಾಯಿಸಿದ ಊರದು, ಅಲ್ಲಿನ ಹಳಬರಲ್ಲಿ ಸೊಂಟ ನೋವಿಲ್ಲದವರು ಕಡಿಮೆ ಎನ್ನುವುದು ದಾದಾ ಅವರ ಮಾತು. ಬೆನ್ನಿನ ಕೆಳಭಾಗದಲ್ಲಿ, ಕೊನೆಯ ಪಕ್ಕೆಲುಬಿಗೂ ಸೊಂಟದ ಮೂಳೆಗೂ ನಡುವೆ ಕ್ವಾಡ್ರೇಟಸ್ ಲಂಬೋರಮ್ ಎಂಬ ಸ್ನಾಯು ಇದೆ. ಮೈ ತಿರುಗಿಸಿ ಭಾರ ಎತ್ತುವವರಲ್ಲಿ ಇದು ಬಿಗಿಯುತ್ತದೆ, ಕೆಮ್ಮಿದರೂ ನೋಯುತ್ತದೆ, ನೋವು ಪಿರ್ರೆಗೆ ಇಳಿಯುತ್ತದೆ. ಪಿರ್ರೆಯ ಆಳದಲ್ಲಿರುವ ಗ್ಲೂಟಿಯಸ್ ಮಿನಿಮಸ್ ಇನ್ನೂ ದೊಡ್ಡ ಮೋಸಗಾರ. ಅದರ ಗಂಟು ನೋವನ್ನು ತೊಡೆಯ ಪಕ್ಕದಿಂದ ಪಾದದ ಗಂಟಿನವರೆಗೆ ಕಳಿಸುತ್ತದೆ. ಸಯಾಟಿಕಾ ಎಂದೇ ಎಲ್ಲರೂ ಅಂದುಕೊಳ್ಳುತ್ತಾರೆ. ನಿಜವಾದ ಸಯಾಟಿಕಾದಲ್ಲಿ ನರವೇ ಒತ್ತಿಕೊಂಡಿರುವುದರಿಂದ ಜೋಮು, ಕಾಲಿನ ಬಲ ಕುಗ್ಗುವುದು ಕಾಣಬಹುದು. ಎರಡನ್ನೂ ಬೇರ್ಪಡಿಸುವುದು ಡಾಕ್ಟರ ಕೆಲಸ, ನಮ್ಮದಲ್ಲ. ಹಿಂದಿನ ಜೇಬಿನಲ್ಲಿ ದಪ್ಪ ಪರ್ಸ್ ಇಟ್ಟುಕೊಂಡು ಅದರ ಮೇಲೆ ಕೂರುವ ಅಣ್ಣಂದಿರು ಅದನ್ನು ಮುಂದಿನ ಜೇಬಿಗೆ ಹಾಕಿಕೊಳ್ಳಲು ಮಾತ್ರ ಡಾಕ್ಟರು ಬೇಕಿಲ್ಲ.

ಕಾಲಿನ ಮೀನಖಂಡದ ಒಳಪದರದ ಸೋಲಿಯಸ್ ಸ್ನಾಯು ನೋವನ್ನು ಹಿಮ್ಮಡಿಗೆ ಕಳಿಸುತ್ತದೆ. ಎಷ್ಟೋ ಜನ ಹಿಮ್ಮಡಿಗೆ ಮೆತ್ತನೆ ಚಪ್ಪಲಿ ಹುಡುಕುತ್ತಾರೆ, ಮೀನಖಂಡವನ್ನು ಮುಟ್ಟಿ ನೋಡುವುದೇ ಇಲ್ಲ. ಸ್ಪೋರ್ಟ್ಸ್ ದಿನದ ಮಾರನೆಯ ದಿನ ಕಾಲೆಲ್ಲ ನೋಯುವುದು ಬೇರೆ ವಿಚಾರ. ಅದು ರೂಢಿಯಿಲ್ಲದ ಶ್ರಮದ ನೋವು, ಎರಡು ಮೂರು ದಿನದಲ್ಲಿ ಹೋಗುತ್ತದೆ. ಒಂದೇ ಕಾಲು ಊದಿಕೊಂಡು, ಬಿಸಿಯಾಗಿ ಕೆಂಪಾಗಿದ್ದರೆ ತಿಕ್ಕಬೇಡಿ, ಒಳಗೆ ರಕ್ತ ಹೆಪ್ಪುಗಟ್ಟಿರಬಹುದು.

ಹಾಗಾದರೆ ಮಾಡುವುದೇನು? ಅಮ್ಮಿಗೆ ಮೇಡಂ ಹೇಳಿಕೊಟ್ಟದ್ದನ್ನೇ ಹೇಳುತ್ತೇನೆ. ಮೊದಲು ಬಿಸಿ ನೀರಿನ ಶಾಖ, ಹತ್ತು ಹದಿನೈದು ನಿಮಿಷ. ಆಮೇಲೆ ಗೋಡೆಗೆ ಬೆನ್ನು ಮಾಡಿ ನಿಂತು, ಗೋಡೆಗೂ ರೆಕ್ಕೆಮೂಳೆಗೂ ನಡುವೆ ಒಂದು ಟೆನಿಸ್ ಬಾಲ್ ಇಟ್ಟು, ಗಂಟಿನ ಮೇಲೆ ಮೈಭಾರ ನಿಧಾನವಾಗಿ ಬಿಡುವುದು. ಅರ್ಧ ನಿಮಿಷದಿಂದ ಒಂದು ನಿಮಿಷ. ನೋವು ಸಹಿಸುವಷ್ಟೇ ಇರಬೇಕು, ಹಲ್ಲು ಕಚ್ಚಿ ಉಸಿರು ಹಿಡಿಯುವಷ್ಟು ಒತ್ತಿದರೆ ಸ್ನಾಯು ಇನ್ನೂ ಬಿಗಿಯುತ್ತದೆ. ಆಮೇಲೆ ಆ ತೋಳನ್ನು ಎದೆಗೆ ಅಡ್ಡವಾಗಿ ತಂದು ಇನ್ನೊಂದು ಕೈಯಿಂದ ಎಳೆದು ಹಿಡಿಯುವುದು. ದಿನಕ್ಕೆ ಎರಡು ಸಲ. ಕುತ್ತಿಗೆಯ ಮುಂಭಾಗವನ್ನು ಮಾತ್ರ ಯಾರೂ ಹೀಗೆ ಒತ್ತಬಾರದು, ಅಲ್ಲಿ ಮೆದುಳಿಗೆ ಹೋಗುವ ದೊಡ್ಡ ರಕ್ತನಾಳಗಳಿವೆ. ಇದರಿಂದ ಬಿಡದಿದ್ದರೆ ಡ್ರೈ ನೀಡ್ಲಿಂಗ್ ಎಂಬ ಚಿಕಿತ್ಸೆ ಇದೆ. ಔಷಧಿಯಿಲ್ಲದ ಸಣ್ಣ ಸೂಜಿಯನ್ನು ಗಂಟಿಗೇ ಚುಚ್ಚುತ್ತಾರೆ. ಚುಚ್ಚುಮದ್ದಿನ ಗುಣ ಮದ್ದಿನಿಂದಲೋ ಸೂಜಿಯಿಂದಲೋ ಎಂದು ಪರಿಶೀಲಿಸಿದ ಕರೆಲ್ ಲೆವಿಟ್ 1979ರಲ್ಲಿ ಬರಿಯ ಸೂಜಿಯಿಂದಲೂ ನೋವು ಇಳಿಯುತ್ತದೆ ಎಂದು ಬರೆದರು. ತರಬೇತಿ ಪಡೆದವರ ಕೈಯಲ್ಲಿ ಮಾತ್ರ ಇದು ಸುರಕ್ಷಿತ.

ಬಾಮ್ ಸುಳ್ಳಲ್ಲ. ಅದರ ಮೆಂಥಾಲ್ ಚರ್ಮದ ತಂಪಿನ ನರಗಳನ್ನು ಎಬ್ಬಿಸುತ್ತದೆ. ತಿಕ್ಕುವುದರಿಂದ ಸ್ಪರ್ಶದ ಸುದ್ದಿ ಬೆನ್ನುಹುರಿಗೆ ಹೋಗಿ, ನೋವಿನ ಸುದ್ದಿಗೆ ಬಾಗಿಲು ಸ್ವಲ್ಪ ಹೊತ್ತು ಮುಚ್ಚುತ್ತದೆ. ಮೆಲ್ಝಾಕ್ ಮತ್ತು ವಾಲ್ 1965ರಲ್ಲಿ ಹೇಳಿದ "ಗೇಟ್ ಕಂಟ್ರೋಲ್" ಸಿದ್ಧಾಂತ ಇದೇ. ಗಂಟು ಮಾತ್ರ ಹಾಗೇ ಇರುತ್ತದೆ.

ನನಗೆ ನಿಜವಾದ ಭಯ ಮಾತ್ರೆಗಳದ್ದು. ಅಮ್ಮಿ ಆ ಎರಡು ತಿಂಗಳು ಚೀಟಿಯಿಲ್ಲದೆ ತಂದ ನೋವಿನ ಮಾತ್ರೆಗಳನ್ನು ಖಾಲಿ ಹೊಟ್ಟೆಯಲ್ಲಿ ನುಂಗಿದ್ದರು. ಡೈಕ್ಲೊಫೆನಾಕ್‌ನಂಥ ಮಾತ್ರೆಗಳು ಜಠರದ ಒಳಪದರವನ್ನು ಕಾಯುವ ವಸ್ತುವಿನ ತಯಾರಿಕೆಯನ್ನೇ ತಡೆಯುತ್ತವೆ. ಹುಣ್ಣಾಗಬಹುದು, ದೀರ್ಘಕಾಲ ತೆಗೆದುಕೊಂಡರೆ ಮೂತ್ರಪಿಂಡಕ್ಕೂ ಪೆಟ್ಟು. ಅಮ್ಮಿಗೆ ಹೊಟ್ಟೆಯುರಿ ಶುರುವಾಗಿ, ಅದಕ್ಕೆ ಇನ್ನೊಂದು ಮಾತ್ರೆ ಬಂದಿತ್ತು. ನಿಮ್ಮ ಮನೆಯ ಕಪಾಟಿನಲ್ಲೂ ಅಂಥ ಪಟ್ಟಿ ಇದ್ದರೆ ಒಮ್ಮೆ ಹಿಂಬದಿಯ ಹೆಸರು ಓದಿ, ಡಾಕ್ಟರಿಗೆ ತೋರಿಸಿ.

ನೋವು ವಾರಗಟ್ಟಲೆ ಬಿಡದಿದ್ದರೆ, ಜ್ವರ ಅಥವಾ ತೂಕ ಇಳಿಯುವುದು ಜೊತೆಗಿದ್ದರೆ, ಬಿದ್ದ ಮೇಲೆ ಶುರುವಾಗಿದ್ದರೆ, ಕೈಕಾಲು ಬಲ ಕಳೆದುಕೊಂಡರೆ, ಮೂತ್ರದ ಹಿಡಿತ ತಪ್ಪಿದರೆ, ಹಿಂದೆಂದೂ ಇಲ್ಲದಂಥ ತಲೆನೋವು ಏಕಾಏಕಿ ಬಂದರೆ ಟೆನಿಸ್ ಬಾಲ್ ಬದಿಗಿಟ್ಟು ಡಾಕ್ಟರನ್ನು ಕಾಣಬೇಕು. ಮೆಗ್ಗಾನ್ ಆಸ್ಪತ್ರೆಯ ಮೂಳೆ ವಿಭಾಗ ನಮಗೆ ದೂರವೇನಲ್ಲ. ಗಂಟುಗಳು ಮತ್ತೆ ಮತ್ತೆ ಬರುತ್ತಿದ್ದರೆ ರಕ್ತಹೀನತೆ, ಥೈರಾಯ್ಡ್, ವಿಟಮಿನ್ ಡಿ ಮತ್ತು ಬಿ12 ಕೊರತೆ ಇದೆಯೇ ಎಂದೂ ವೈದ್ಯರು ನೋಡುತ್ತಾರೆ. ನಿದ್ದೆ ಕೆಟ್ಟವರಿಗೂ ನೋವು ಹೆಚ್ಚು.

ಅಮ್ಮಿಯ ಭುಜ ಆರು ವಾರದಲ್ಲಿ ಬಹುಪಾಲು ಸರಿಹೋಯಿತು. ಮೇಡಂ ಹೇಳಿದಂತೆ ಅಬ್ಬಾ ಎರಡು ಹಲಗೆ ಕೊಟ್ಟು ಸ್ಟೂಲನ್ನು ಎತ್ತರಿಸಿದರು, ಈಗ ಮೊಣಕೈ ಮಿಷನ್ನಿನ ಮಟ್ಟಕ್ಕೆ ಬರುತ್ತದೆ. ನೆಪ ಎಂದ ಮಾತನ್ನು ಅವರು ಮತ್ತೆ ಎತ್ತಿಲ್ಲ, ಹಲಗೆಯೇ ಅವರ ಕ್ಷಮಾಪಣೆ ಎಂದು ಅಮ್ಮಿ ನಗುತ್ತಾರೆ. ಅರ್ಧ ಗಂಟೆಗೊಮ್ಮೆ ಎದ್ದು ನೀರು ಕುಡಿಯಲು ಮೊಬೈಲಿನಲ್ಲಿ ಅಲಾರಂ ಇಟ್ಟುಕೊಟ್ಟಿದ್ದೇನೆ. ಗಿರಾಕಿ ಎದುರಿಗೆ ಕೂತಿದ್ದರೆ ಅದನ್ನು ಆಫ್ ಮಾಡುತ್ತಾರೆ, ಆಗ ಜಗಳವಾಗುತ್ತದೆ. ಟೆನಿಸ್ ಬಾಲ್ ಮಿಷನ್ನಿನ ಡ್ರಾಯರಿನಲ್ಲಿರುತ್ತಿತ್ತು. ಭಾನುವಾರ ತಮ್ಮ ಅದನ್ನು ಕ್ರಿಕೆಟ್ಟಿಗೆ ಒಯ್ದು ಯಾರದೋ ಕಾಂಪೌಂಡಿಗೆ ಹೊಡೆದು ಬಂದಿದ್ದಾನೆ, ಈ ವಾರ ಹೊಸದು ತರಬೇಕು.